ಹಳೆಯ ಬೈಕಿನ ಪೆಟ್ರೋಲ್ ಸೋರಿಕೆ

ಮಾನ್ಯರೇ,

2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್–6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಿಂದ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬಹುತೇಕ ಮರೆಯಾದರೂ, ಸಂಡೂರು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ಪೆಟ್ರೋಲ್ ಸೋರಿದೊಡನೆ ಇಡೀ ಕಾರ್ಬುರೇಟರನ್ನೇ ಬದಲಿಸಬೇಕೆನ್ನುವ ಕೆಲವು ಗ್ಯಾರೇಜಿನವರ ಸಲಹೆ ಅವಸರದ್ದು. ಎಂಜಿನ್ ತಣ್ಣಗಾದ ಬಳಿಕ (ಬೀಡಿ ದೂರವಿರಲಿ) ಕಾರ್ಬುರೇಟರಿನ ಕೆಳಬಟ್ಟಲನ್ನು ಒಣಗುವಂತೆ ಒರೆಸಿ, ಪೆಟ್ರೋಲ್ ಕಾಕ್ ತೆರೆದು ಗಮನಿಸಬೇಕು. ಹನಿ ಓವರ್‌ಫ್ಲೋ ಪೈಪಿನಿಂದ (ಬಟ್ಟಲಲ್ಲಿ ಹೆಚ್ಚಾದ ಪೆಟ್ರೋಲ್ ಹೊರಹೋಗುವ ಕೊಳವೆ) ಬಂದರೆ ಸಾಮಾನ್ಯವಾಗಿ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್‌ಗೆ ಕಸ ಸಿಕ್ಕಿರುತ್ತದೆ, ಅದರ ತುದಿ ಸವೆದಿರುತ್ತದೆ ಅಥವಾ ಆ ನೀಡಲನ್ನು ಮೇಲೆತ್ತುವ ಫ್ಲೋಟ್ (ಪೆಟ್ರೋಲಿನಲ್ಲಿ ತೇಲುವ ಟೊಳ್ಳು ಭಾಗ) ತೂತಾಗಿರುತ್ತದೆ. ಬಿಚ್ಚಿದ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ ಅನುಮಾನವೇ ಬೇಡ. ಬಟ್ಟಲಿನ ಸಂದಿಯಿಂದ ಜಿನುಗಿದರೆ ದೋಷ ವಾಷರಿನದು. ಎಂಜಿನ್ ಆಯಿಲ್‌ಗೆ ಪೆಟ್ರೋಲ್ ವಾಸನೆ ಹತ್ತಿದ್ದರೆ, ಸೋರಿಕೆ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಗಾಡಿಯನ್ನು ಸ್ಟಾರ್ಟ್ ಮಾಡಬಾರದು.

— ಓರ್ವ ಓದುಗ, ಸಂಡೂರು, ಬಳ್ಳಾರಿ ಜಿಲ್ಲೆ