ದೀಪಾವಳಿಯ ಕೈಟ್‌ಸರ್ಫಿಂಗ್ ತಂಡ ಇನ್ನು ಸಂಕ್ರಾಂತಿಯ ನಂತರ

ಮಾನ್ಯ ಗ್ರಾಹಕರಿಗೆ ಹುಬ್ಬಳ್ಳಿ ಕಚೇರಿಯ ನಮಸ್ಕಾರಗಳು.

ತಮಿಳುನಾಡಿನ ರಾಮೇಶ್ವರದ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ) ತರಬೇತಿಗೆ ಹೊಸಬರ ತಂಡವನ್ನು ಈ ವರ್ಷದಿಂದ ದೀಪಾವಳಿ ರಜೆಯಲ್ಲಿ ಕರೆದೊಯ್ಯುವುದಿಲ್ಲ. ಸಂಕ್ರಾಂತಿ ಮುಗಿದ ಮೇಲೆ, ಜನವರಿ-ಫೆಬ್ರವರಿಯಲ್ಲಿ ಹೊರಡುತ್ತೇವೆ. ಮಕ್ಕಳ ಶಾಲೆ, ಅಂಗಡಿ ವಹಿವಾಟುಗಳ ನಡುವೆ ಬಿಡುವು ಮಾಡಿಕೊಳ್ಳುವುದು ಕಷ್ಟ, ಬಲ್ಲೆವು. ಆದರೆ ಗಾಳಿ ನಮ್ಮ ರಜೆಯ ಪಟ್ಟಿ ನೋಡಿ ಬೀಸುವುದಿಲ್ಲ.

ಅಕ್ಟೋಬರ್-ನವೆಂಬರ್‌ನಲ್ಲಿ ನೈರುತ್ಯ ಗಾಳಿ ಹಿಂದೆ ಸರಿದಿರುತ್ತದೆ, ಈಶಾನ್ಯ ಗಾಳಿ ಇನ್ನೂ ನೆಲೆಗೊಂಡಿರುವುದಿಲ್ಲ. ಆಷಾಢದಲ್ಲಿ ರಭಸದಿಂದ ತಿರುಗುವ ಕಪ್ಪತಗುಡ್ಡದ ಗಾಳಿಯಂತ್ರಗಳು ದೀಪಾವಳಿಯ ಹೊತ್ತಿಗೆ ಮಂಕಾಗುವುದನ್ನು ಗದಗಿನವರು ನೋಡಿಯೇ ಇರುತ್ತೀರಿ. ರಾಮೇಶ್ವರದಲ್ಲಿ ಅದೇ ಹೊತ್ತಿಗೆ ಹಿಂಗಾರು ಮಳೆ, ಮೇಲೆ ಚಂಡಮಾರುತದ ಭಯ. 2018ರ ನವೆಂಬರ್‌ನಲ್ಲಿ ‘ಗಜ’ ಅಪ್ಪಳಿಸಿದ್ದು ತಮಿಳುನಾಡಿನ ಕರಾವಳಿಗೇ.

ಜನವರಿಗೆ ಈಶಾನ್ಯ ಗಾಳಿ ಹದಕ್ಕೆ ಬರುತ್ತದೆ. ಕಲಿಯುವವರಿಗೆ 12ರಿಂದ 18 ನಾಟ್, ಅಂದರೆ ಗಂಟೆಗೆ ಸುಮಾರು 22ರಿಂದ 33 ಕಿ.ಮೀ. ವೇಗ ಸಾಕು. ವೇಗಕ್ಕಿಂತಲೂ ಅದು ಒಂದೇ ಸಮನೆ ಬೀಸುವುದು ಮುಖ್ಯ.

ನಾವು ಕಲಿಸುವುದು ಮರಳದಿಬ್ಬದ ಒಳಗಿನ, ಅಲೆಯಿಲ್ಲದ ನೀರಿನಲ್ಲಿ. ‘ಅಲೆ ಇಲ್ಲದ ಕಡೆ ಗಾಳಿ ಎಲ್ಲಿಂದ ಬರಬೇಕು?’ ಎಂದು ಹಲವರು ಕೇಳುತ್ತಾರೆ. ಮರಳದಿಬ್ಬ ಅಲೆಯನ್ನು ತಡೆಯುತ್ತದೆ, ಗಾಳಿಯನ್ನಲ್ಲ. ಒಳಗಿನ ನೀರು ಸೊಂಟದ ಮಟ್ಟ. ಬಿದ್ದವರು ಎದ್ದು ನಿಂತು, ನಡೆದೇ ಹೋಗಿ ಹಲಗೆ ಹಿಡಿಯಬಹುದು. ಗಾಳಿ ಬರುವ ದಿಕ್ಕಿಗೆ ತಾಳೆತೋಪಿದ್ದರೆ ಮಾತ್ರ ಕಥೆ ಬೇರೆ. ತೋಪು ದಾಟಿದ ಗಾಳಿ ಒಮ್ಮೆ ಜಗ್ಗುತ್ತದೆ, ಒಮ್ಮೆ ಕೈಬಿಡುತ್ತದೆ. ಇಪ್ಪತ್ತಕ್ಕೂ ಹೆಚ್ಚು ಮೀಟರ್ ದಾರದ ತುದಿಯ ಪಟ ಸಡಿಲಾಗಿ ನೀರಿಗೆ ಬೀಳುತ್ತದೆ. ಆದ್ದರಿಂದ ಬಯಲಿನ ದಂಡೆಯನ್ನೇ ಆರಿಸುತ್ತೇವೆ. ಗಾಳಿ ದಂಡೆಯಿಂದ ತೆರೆದ ಕಡಲಿನತ್ತ ಬೀಸುವ ದಿನ ಯಾರನ್ನೂ ನೀರಿಗಿಳಿಸುವುದಿಲ್ಲ, ಎಷ್ಟೇ ಒತ್ತಾಯಿಸಿದರೂ.

ಮೊದಲ ದಿನ ಮರಳಿನ ಮೇಲೆ ಸಣ್ಣ ಪಟದೊಂದಿಗೇ ಅಭ್ಯಾಸ. ಪಟವನ್ನು ಬಿಡುಗಡೆ ಮಾಡುವ ಹಿಡಿಕೆ ಎದೆಯ ಬಳಿ ಇರುತ್ತದೆ. ಕಣ್ಣುಮುಚ್ಚಿದರೂ ಕೈ ಅಲ್ಲಿಗೇ ಹೋಗುವವರೆಗೆ ಅದನ್ನೇ ಮಾಡಿಸುತ್ತೇವೆ. ‘ದುಡ್ಡು ಕೊಟ್ಟು ಮರಳಲ್ಲಿ ನಿಲ್ಲಬೇಕೇ?’ ಎಂಬ ಗೊಣಗಾಟಕ್ಕೆ ನಾವು ಜಗ್ಗುವುದಿಲ್ಲ.

ಕಾರವಾರ, ಗೋಕರ್ಣ ಹತ್ತಿರವಲ್ಲವೇ ಎನ್ನುವವರಿಗೆ: ಮಳೆಗಾಲದಲ್ಲಿ ಅಲ್ಲಿನ ಕಡಲು ಉಗ್ರ, ಚಳಿಗಾಲದ ಮಧ್ಯಾಹ್ನದ ಗಾಳಿ ಮೆಲುವು. ಹೊಸಬರಿಗೆ ಎರಡೂ ಸರಿಹೊಂದುವುದಿಲ್ಲ.

ದೀಪಾವಳಿಗೆ ಮುಂಗಡ ಕಟ್ಟಿದವರು ಹೊಸ ತಂಡಕ್ಕೆ ಸೇರಬಹುದು, ಇಲ್ಲವೇ ಪೂರ್ತಿ ಹಣ ಹಿಂಪಡೆಯಬಹುದು. ರಸೀದಿ ತನ್ನಿ. ಬರುವವರು ಚಪ್ಪಲಿಯ ಬದಲು ಕಾಲು ಮುಚ್ಚುವ, ನೀರಿಗೆ ತಾಳುವ ಬೂಟು ತೆಗೆದುಕೊಳ್ಳಿ. ತಳದ ಚಿಪ್ಪುಗಳು ಅಂಗಾಲು ಸೀಳುತ್ತವೆ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಹುಬ್ಬಳ್ಳಿ