ಚೆಕ್ ಪುಸ್ತಕ ಬೀರುವಿನಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಮಂಡ್ಯದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವರ ಬುಟ್ಟಿ ಪಕ್ಕವೂ ಕ್ಯೂಆರ್ ಕೋಡ್ ಇದೆ, ಇನ್ನೂ ಚೆಕ್ ಯಾಕಪ್ಪಾ ಅಂತ ಮಗ ಕೇಳುತ್ತಾನೆ. ಸೊಪ್ಪಿಗೆ ಬೇಡ ಬಿಡಿ. ಆದರೆ ಮನೆ ಮೇಸ್ತ್ರಿಗೆ ಎರಡೂವರೆ ಲಕ್ಷ ಕೊಡಬೇಕಿತ್ತು. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷವೇ ಮಿತಿ. ನೆಟ್ ಬ್ಯಾಂಕಿಂಗ್‌ನಲ್ಲಿ ಒಂದು ಅಂಕಿ ತಪ್ಪಿದರೆ ದುಡ್ಡು ಯಾರ ಪಾಲೋ ಅಂತ ನನಗೆ ಭಯ. ಕನ್ನಡಕ ಹಾಕಿಕೊಂಡು, ಎಡಮೂಲೆಯಲ್ಲಿ ಎರಡು ಓರೆ ಗೆರೆ ಎಳೆದು, ಮೊತ್ತವನ್ನು ಅಕ್ಷರದಲ್ಲಿ ತುಂಬಿ ಕೊನೆಗೆ 'ಮಾತ್ರ' ಅಂತ ಬರೆದೆ.

ಚೆಕ್ ವಾಪಸ್ ಬಂತು! ಸಹಿ ತಾಳೆಯಾಗಿಲ್ಲವಂತೆ. ಬ್ಯಾಂಕಿನಲ್ಲಿರುವುದು ನನ್ನ ಮೂವತ್ತು ವರ್ಷ ಹಿಂದಿನ ಸಹಿ, ಈಗ ಕೈ ನಡುಗುತ್ತೆ, ಅಷ್ಟೇ. ಮೇಸ್ತ್ರಿ ಮುಖ ನೋಡೋಕೆ ನಾಚಿಕೆಯಾಯಿತು.

ಹಾಗಂತ ಚೆಕ್ಕನ್ನೇ ತೆಗೆದುಹಾಕಿ ಅನ್ನೋದಿಲ್ಲ. ನಮ್ಮ ಕಡೆ ಆಲೆಮನೆಯವರು ಬೆಲ್ಲ ಸಾಲಕ್ಕೆ ಕೊಟ್ಟಾಗ ಮುಂದಿನ ತಾರೀಕಿನ ಚೆಕ್ ಇಸ್ಕೊಳ್ಳುತ್ತಾರೆ. ಅದು ಬೌನ್ಸ್ ಆದರೆ ಚೆಕ್ಕುಗಳ ಕಾನೂನಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದೆ, ಎರಡು ವರ್ಷದವರೆಗೆ ಜೈಲು. 'ನಾಳೆ ಫೋನ್‌ಪೇ ಮಾಡ್ತೀನಿ' ಅನ್ನೋ ಬಾಯಿಮಾತಿಗೆ ಆ ಬಲ ಎಲ್ಲಿಂದ ಬರಬೇಕು? 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಹೊಸ ವ್ಯವಸ್ಥೆ ತಂದಿದೆ, ಚೆಕ್ ಅದೇ ದಿನ ಪಾಸಾಗುತ್ತೆ. ತಡ ಅನ್ನೋ ದೂರೂ ಹೋಯಿತಲ್ವಾ?

ಬ್ಯಾಂಕಿನವರು ವಯಸ್ಸಾದವರ ಸಹಿಯನ್ನು ಕೆಲವು ವರ್ಷಕ್ಕೊಮ್ಮೆ ತಾವೇ ಕರೆದು ಹೊಸದಾಗಿ ತಗೊಳ್ಳಲಿ. ಚೆಕ್ ವಾಪಸ್ ಕಳಿಸುವ ಮುಂಚೆ ಒಂದು ಫೋನ್ ಮಾಡಲಿ.

– ಒಬ್ಬ ಓದುಗ, ಮಂಡ್ಯ