ಬೆದರಿಕೆಯನ್ನು ಬೆದರಿಕೆ ಅಂತಲೇ ಬರೆಯಲಿ: ಮಾಧ್ಯಮ ಅಕಾಡೆಮಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು,
ಕರ್ನಾಟಕ ಮಾಧ್ಯಮ ಅಕಾಡೆಮಿ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಕಲಬುರಗಿಯವನು. ಪತ್ರಕರ್ತನಲ್ಲ. ಬೆಳಗ್ಗೆ ಪೇಪರ್, ರಾತ್ರಿ ಟಿವಿ ಸುದ್ದಿ ತಪ್ಪಿಸದ ಒಬ್ಬ ಓದುಗ. ರಾಜಕಾರಣಿಗಳ ದ್ವೇಷದ ಮಾತನ್ನು ನಮ್ಮ ಕನ್ನಡ ಮಾಧ್ಯಮ ಬರೆಯುವ ರೀತಿಯ ಬಗ್ಗೆ ನಿಮ್ಮಲ್ಲಿ ಒಂದು ಬೇಡಿಕೆ ಇಡಬೇಕಿದೆ.

ಮುಖಂಡರೊಬ್ಬರು ವೇದಿಕೆ ಮೇಲೆ ನಿಂತು ಒಂದು ಧರ್ಮದವರನ್ನು ಊರು ಬಿಡಿಸಿ ಅಂತಾರೆ ಎಂದುಕೊಳ್ಳಿ. ಮರುದಿನ ಪೇಪರಿನಲ್ಲಿ ಅದು ‘ವಿವಾದಾತ್ಮಕ ಹೇಳಿಕೆ’. ಒಳಗೆ ‘ಹೇಳಿಕೆ ಚರ್ಚೆಗೆ ಗ್ರಾಸವಾಗಿದೆ’ ಎಂಬ ಸಾಲು. ಟಿವಿಯಲ್ಲಾದರೆ ಅವರು ‘ಗುಡುಗಿದರು’, ‘ಖಡಕ್ ಎಚ್ಚರಿಕೆ ಕೊಟ್ಟರು’. ಎದುರು ಪಕ್ಷದವರು ಬಾಯಿ ಬಿಟ್ಟರೆ ‘ತಿರುಗೇಟು’. ಅಲ್ಲಿಗೆ ಅದು ಇಬ್ಬರು ನಾಯಕರ ಜಗಳ ಆಗಿಹೋಯಿತು. ಯಾರನ್ನು ಊರು ಬಿಡಿಸಬೇಕು ಅಂದರೋ ಆ ಜನ ಸುದ್ದಿಯಲ್ಲಿ ಎಲ್ಲೂ ಕಾಣುವುದಿಲ್ಲ. ಅವರ ಓಣಿಗೆ ಹೋಗಿ, ನಿಮಗೆ ಹೇಗನಿಸಿತು ಅಂತ ಕೇಳಿದವರೂ ಇರುವುದಿಲ್ಲ. ಯಾವ ಪಕ್ಷದವರು ಹೇಳಿದರೂ ಇದೇ ಕಥೆ.

2022ರ ಮಾರ್ಚ್‌ನಲ್ಲಿ ಉಡುಪಿ ಜಿಲ್ಲೆಯ ಕಾಪು ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆ ಕೂಗು ಬೇರೆ ಜಿಲ್ಲೆಗಳಿಗೂ ಹಬ್ಬಿತು. ಟಿವಿಗಳು ಅದಕ್ಕೆ ‘ಧರ್ಮ ದಂಗಲ್’ ಅಂತ ಹೆಸರಿಟ್ಟವು. ದಂಗಲ್ ಅಂದರೆ ಕುಸ್ತಿ. ಕುಸ್ತಿಯಲ್ಲಿ ಇಬ್ಬರೂ ಒಪ್ಪಿಯೇ ಅಖಾಡಕ್ಕೆ ಇಳಿಯುತ್ತಾರೆ, ಅಲ್ವಾ? ಸಾಲ ಮಾಡಿ ಬಳೆ, ಆಟದ ಸಾಮಾನು ತಂದವರು ಯಾವ ಅಖಾಡಕ್ಕೆ ಇಳಿದಿದ್ದರು? ‘ವ್ಯಾಪಾರಿಗಳ ಬಹಿಷ್ಕಾರಕ್ಕೆ ಕರೆ’ ಅಂತ ಬರೆದಿದ್ದರೆ ಸಾಕಿತ್ತು. ನಮ್ಮೂರಲ್ಲಿ ಶರಣಬಸವೇಶ್ವರರ ಜಾತ್ರೆಗೂ ಬಂದೇನವಾಜರ ಉರುಸಿಗೂ ಎಲ್ಲರೂ ಹೋಗುತ್ತಾರೆ. ಅದಕ್ಕೇ ಆ ಪದ ನನಗೆ ಜಾಸ್ತಿ ನೋವು ಕೊಟ್ಟಿತು.

ಇಂಥ ಪದಗಳಿಂದ ಏನಾಗುತ್ತದೆ ಅಂತ ನಮ್ಮ ಭಾಗಕ್ಕೆ ಗೊತ್ತು. ಆಗ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಪರ ನಿಂತಿದ್ದ ಖಾಸಗಿ ಪಡೆ ರಜಾಕಾರರದು, ಅವರ ಮುಖಂಡ ಖಾಸಿಂ ರಜ್ವಿಯ ಭಾಷಣಗಳು ಜನರನ್ನು ಕೆರಳಿಸಿದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಊರಿನ ಜನರನ್ನು ಕೊಂದರು. ಅದೇ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು. ಆಮೇಲೆ ಮುಸ್ಲಿಮರ ಕೊಲೆ, ಲೂಟಿ ನಡೆಯಿತು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ಗುಲ್ಬರ್ಗಾ, ಬೀದರ್ ಹೆಸರನ್ನೂ ಬರೆಯಿತು. ಯಾದಗಿರಿ ಆಗ ಗುಲ್ಬರ್ಗಾದಲ್ಲೇ ಇತ್ತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬೇಕು ಅಂತ ಸಮಿತಿಯ ಅಂದಾಜು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಸೇನೆ ನಡೆಸಿದ ಕಾರ್ಯಾಚರಣೆಗೆ ‘ಪೊಲೀಸ್ ಆಕ್ಷನ್’ ಎಂಬ ಹೆಸರು ಮಾತ್ರ ಉಳಿಯಿತು. ನಮ್ಮ ಹಿರಿಯರು ಈಗಲೂ ಹಾಗೇ ಅನ್ನುತ್ತಾರೆ. ನಡೆದದ್ದನ್ನು ನಡೆದ ಹಾಗೆ ಯಾರೂ ಹೇಳಲಿಲ್ಲ. ಹಾಗಾಗಿ ಸಂಸ್ಥಾನ ಭಾರತಕ್ಕೆ ಶರಣಾದ ದಿನ, ಸೆಪ್ಟೆಂಬರ್ 17 ಬಂತೆಂದರೆ ಇಲ್ಲಿ ಒಬ್ಬೊಬ್ಬರು ಒಂದೊಂದು ಅರ್ಧ ಕಥೆ ಹೇಳುತ್ತಾರೆ. ಆ ಅರ್ಧ ಕಥೆಯಿಂದಲೇ ಹೊಸ ಭಾಷಣ ಹುಟ್ಟುತ್ತದೆ.

ವರದಿಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ತಾಲ್ಲೂಕಿನಿಂದ ಸುದ್ದಿ ಕಳಿಸುವವರಿಗೆ ಸಿಗುವ ಸಂಭಾವನೆ ಕಡಿಮೆ. ಆ ಮುಖಂಡರ ಎದುರೇ ನಾಳೆ ಮತ್ತೆ ಮೈಕ್ ಹಿಡಿಯಬೇಕು. ಕೇಸು ಬೀಳುವ ಭಯ ಬೇರೆ. ಹಾಗಾಗಿ ‘ಪ್ರಚೋದನಕಾರಿ ಭಾಷಣ ಆರೋಪ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅಪರಾಧ ಹೌದೋ ಅಲ್ಲವೋ ನ್ಯಾಯಾಲಯವೇ ಹೇಳಬೇಕು, ಒಪ್ಪಿದೆ. ಆದರೆ ಸಾವಿರ ಜನರ ಎದುರು, ಕ್ಯಾಮೆರಾ ಮುಂದೆ ಆಡಿದ ಮಾತು ಆರೋಪ ಹೇಗಾಗುತ್ತದೆ?

ಬೈಗುಳವನ್ನು ಹಾಗೇ ಅಚ್ಚು ಹಾಕಿ ಅಂತಲೂ ನಾನು ಹೇಳುತ್ತಿಲ್ಲ. ಅದರಿಂದ ವಿಷ ಇನ್ನೂ ಹರಡುತ್ತದೆ. ಯಾರು, ಯಾರ ವಿರುದ್ಧ, ಏನು ಮಾಡಿ ಅಂತ ಕರೆ ಕೊಟ್ಟರು ಎಂಬುದನ್ನು ಸುಮ್ನೆ ನೇರವಾಗಿ ಬರೆದರೆ ಆಯಿತು. ಜೊತೆಗೆ ಕಾನೂನು ಏನು ಹೇಳುತ್ತದೆ ಅಂತ ಎರಡು ಸಾಲು ಇರಲಿ. ಧರ್ಮದ ಹೆಸರಲ್ಲಿ ದ್ವೇಷ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು. ದೂರು ಬರದಿದ್ದರೂ ಪೊಲೀಸರೇ ಕೇಸು ದಾಖಲಿಸಬೇಕು, ಹೇಳಿದವರ ಧರ್ಮ ನೋಡಬಾರದು ಅಂತ 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಇದನ್ನು ಓದಿದವರು ಠಾಣೆಗೆ ಹೋಗಿ, ಯಾಕೆ ಕೇಸು ಹಾಕಿಲ್ಲ ಅಂತ ಕೇಳಬಹುದು. ‘ಗುಡುಗಿದರು’ ಅಂತ ಓದಿದವರು ಏನಂತ ಕೇಳಬೇಕು?

ಸರ್ಕಾರ ಪತ್ರಕರ್ತರಿಗೆ ಪದ ಹೇಳಿಕೊಡಬಾರದು. ಇವತ್ತು ದ್ವೇಷದ ಮಾತಿಗೆ ಅಂತ ಕೊಟ್ಟ ಅಧಿಕಾರ ನಾಳೆ ಸರ್ಕಾರವನ್ನು ಟೀಕಿಸಿದವರ ಮೇಲೂ ಬರುತ್ತದೆ. ಅದಕ್ಕೇ ಮಂತ್ರಿಗಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ನೀವು ಆದೇಶ ಹೊರಡಿಸುವುದು ಬೇಡ. ಕಲಬುರಗಿಯಲ್ಲಿ ಒಂದು ಕಾರ್ಯಾಗಾರ ಮಾಡಿ. ಬೀದರ್, ಯಾದಗಿರಿಯ ತಾಲ್ಲೂಕು ವರದಿಗಾರರನ್ನೂ ಬಸ್ ಖರ್ಚು ಕೊಟ್ಟು ಕರೆಸಿ. ಡೆಸ್ಕಿನಲ್ಲಿ ಕೂತು ತಲೆಬರಹ ಕೊಡುವವರೂ ಬರಲಿ, ಯಾಕೆಂದರೆ ಜಾಸ್ತಿ ಪದ ಬದಲಾಗುವುದು ಅಲ್ಲೇ. ಇಂಥ ಭಾಷಣಕ್ಕೆ ಗುರಿಯಾದ ಓಣಿಗಳ ಜನರನ್ನು ಎದುರು ಕೂರಿಸಿ. ಹಳೆಯ ತಲೆಬರಹಗಳನ್ನು ಅವರ ಮುಂದೆ ಓದಿ, ಹೇಗೆ ಬರೆಯಬಹುದಿತ್ತು ಅಂತ ಪತ್ರಕರ್ತರೇ ಮಾತಾಡಿಕೊಂಡು ಒಂದು ಪುಟ್ಟ ಕೈಪಿಡಿ ಮಾಡಲಿ. ಮುಂದಿನ ಪಂಚಾಯಿತಿ ಚುನಾವಣೆಯ ಪ್ರಚಾರ ಶುರುವಾಗುವ ಮೊದಲೇ ಇದು ಆಗಲಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಕಲಬುರಗಿಯ ಒಬ್ಬ ಓದುಗ